ನಮ್ಮೂರ ಪಂಚಾಯಿತಿ ದುಡ್ಡು, ಹೊಸ ಕಾನೂನು, ಸೇವೆಗಳ ಬಗ್ಗೆ ಬೆಂಗಳೂರಿನಲ್ಲಿದ್ದುಕೊಂಡು ತಿಳಿಯೋದು ಹೇಗೆ?

ನಿಮ್ಮ ಪ್ರಶ್ನೆ ಓದಿದ ತಕ್ಷಣ ಬರೆಯಬೇಕು ಅನ್ನಿಸಿತು. ನೀವು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೀರಿ, ಅಪ್ಪ ಅಮ್ಮ ಊರಲ್ಲಿದ್ದಾರೆ. ಮನೆ ಮುಂದಿನ ಚರಂಡಿಯಲ್ಲಿ ನೀರು ನಿಂತು ಮೂರು ವರ್ಷವಾಯಿತು, ಕೇಳಿದಾಗೆಲ್ಲ ‘ಅನುದಾನ ಇಲ್ಲ’ ಅನ್ನುತ್ತಾರೆ. ಪಂಚಾಯಿತಿಗೆ ಎಷ್ಟು ಬರುತ್ತೆ, ಎಲ್ಲಿ ಹೋಗುತ್ತೆ, ವಿಧಾನಸೌಧದಲ್ಲಿ ಮಾಡುವ ಕಾನೂನು ನಮ್ಮ ಮನೆ ಖಾತೆಗೆ ಹೇಗೆ ತಟ್ಟುತ್ತೆ, ಇದನ್ನೆಲ್ಲ ಹೇಳುವವರು ಯಾರು ಅಂತ ಕೇಳಿದ್ದೀರಿ.

ನಾನು 2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದು ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಸದಸ್ಯೆಯಾಗಿದ್ದೆ. ಮೊದಲ ಆರು ತಿಂಗಳು ನನಗೂ ಏನೂ ತಿಳಿಯುತ್ತಿರಲಿಲ್ಲ. ಸಭೆಯಲ್ಲಿ ಜಮಾ ಖರ್ಚು ಓದುತ್ತಿದ್ದರು. ನಾವು ಕೇಳಿಸಿಕೊಂಡು ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಮನೆಗೆ ಬರುತ್ತಿದ್ದೆವು. ಮೊದಲ ಗ್ರಾಮಸಭೆಗೆ ಬಂದವರು ಮೂವತ್ತು ಜನವೂ ಇರಲಿಲ್ಲ. ಗ್ರಾಮಸಭೆಗೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟಾದರೂ ಇರಬೇಕು. ಆಮೇಲೆ ಹಾಜರಿ ಪುಸ್ತಕ ಮನೆ ಮನೆಗೆ ಹೋಗಿ ಸಹಿ ತುಂಬಿಸಿಕೊಂಡು ಬಂತು. ಅವತ್ತು ಸುಮ್ನೆ ಕೂತಿದ್ದು ನನ್ನ ತಪ್ಪು. ಅದು ಇವತ್ತಿಗೂ ನನಗೆ ಬೇಜಾರು.

ನಿಮ್ಮ ಚರಂಡಿಯಿಂದಲೇ ಶುರು ಮಾಡೋಣ. ‘ಅನುದಾನ ಇಲ್ಲ’ ಅಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಅನುದಾನ ಇಲ್ಲ?

ಪಂಚಾಯಿತಿಯ ದುಡ್ಡು ಒಂದೇ ಗಂಟಿನಲ್ಲಿ ಇರುವುದಿಲ್ಲ. ಮನೆ ಕಂದಾಯ, ನೀರಿನ ಕರ, ಅಂಗಡಿ ಲೈಸೆನ್ಸ್ ಶುಲ್ಕ, ಇವೆಲ್ಲ ಸ್ವಂತ ಸಂಪನ್ಮೂಲ. ರಾಜ್ಯ ಸರ್ಕಾರ ಕೊಡುವುದು ಶಾಸನಬದ್ಧ ಅನುದಾನ. ನಮ್ಮಲ್ಲಿ ಅದರ ಬಹುಪಾಲು ಬೀದಿ ದೀಪ ಮತ್ತು ಕೊಳವೆ ಬಾವಿಗಳ ಕರೆಂಟ್ ಬಿಲ್ಲಿಗೆ, ಸಿಬ್ಬಂದಿ ಸಂಬಳಕ್ಕೆ ಹೋಗುತ್ತಿತ್ತು. ಮೂರನೆಯದು ಕೇಂದ್ರ ಹಣಕಾಸು ಆಯೋಗದ ಅನುದಾನ. ಊರಿನಲ್ಲಿ ಕಣ್ಣಿಗೆ ಕಾಣುವ ಕಾಮಗಾರಿ ಜಾಸ್ತಿ ನಡೆಯುವುದು ಇದರಲ್ಲೇ.

ಇದರಲ್ಲೂ ಎರಡು ಭಾಗ ಇದೆ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಹಣವನ್ನೇ ತಗೊಳ್ಳಿ. ಅದರಲ್ಲಿ ಶೇ 60 ನಿರ್ಬಂಧಿತ, ಶೇ 40 ಅನಿರ್ಬಂಧಿತವಾಗಿತ್ತು. ನಿರ್ಬಂಧಿತ ಅಂದರೆ ಹೇಳಿದ ಕೆಲಸಕ್ಕೇ ಬಳಸಬೇಕು. ಶೇ 30 ಕುಡಿಯುವ ನೀರಿಗೆ, ಇನ್ನು ಶೇ 30 ನೈರ್ಮಲ್ಯಕ್ಕೆ. ಉಳಿದ ಶೇ 40ರಲ್ಲಿ ಊರಿಗೆ ಬೇಕಾದ ಬೇರೆ ಕೆಲಸ ಮಾಡಬಹುದಿತ್ತು, ಆದರೆ ಸಂಬಳ ಕೊಡುವ ಹಾಗಿರಲಿಲ್ಲ. ಜನ ಬಂದು ಸಿಮೆಂಟ್ ರಸ್ತೆ ಕೇಳುತ್ತಾರೆ. ಈ ಅನಿರ್ಬಂಧಿತ ಪಾಲು ಮುಗಿದಿದ್ದರೆ ರಸ್ತೆಗೆ ನಿಜವಾಗಿಯೂ ದುಡ್ಡಿರುವುದಿಲ್ಲ. ಅದೇ ಹೊತ್ತಿಗೆ ನೈರ್ಮಲ್ಯದ ಪಾಲು ಖಾತೆಯಲ್ಲಿ ಹಾಗೇ ಉಳಿದಿರಬಹುದು. ಬಚ್ಚಲು ನೀರು ಹರಿದು ಹೋಗುವ ಚರಂಡಿಯನ್ನು ನಾವು ಆ ಪಾಲಿನಲ್ಲೇ ಮಾಡಿಸಿದ್ದೆವು. ನಿಮ್ಮ ಊರಿನಲ್ಲೂ ‘ನೈರ್ಮಲ್ಯದ ಹಣ ಎಷ್ಟು ಉಳಿದಿದೆ?’ ಅಂತ ಹೆಸರು ಹಿಡಿದು ಕೇಳಿ. ಹಾಗೆ ಕೇಳಿದಾಗ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕಡತ ತೆಗೆದೇ ಉತ್ತರ ಕೊಡಬೇಕಾಗುತ್ತೆ.

ಇದಕ್ಕಾಗಿ ನೀವು ಊರಿಗೆ ಹೋಗಬೇಕಾಗಿಲ್ಲ. ಇ-ಗ್ರಾಮ್ ಸ್ವರಾಜ್ ಅನ್ನುವ ಕೇಂದ್ರದ ಜಾಲತಾಣದಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿದರೆ ಆ ವರ್ಷದ ಕ್ರಿಯಾ ಯೋಜನೆ (ಮಾಡಬೇಕಾದ ಕೆಲಸಗಳ ಪಟ್ಟಿ), ಬಂದ ಹಣ, ಖರ್ಚಾದ ಹಣ ಕಾಣುತ್ತೆ. ವೋಚರ್ ತೆರೆದರೆ ಯಾವ ಕಾಮಗಾರಿಗೆ ಎಷ್ಟು ಪಾವತಿಯಾಯಿತು ಅನ್ನುವುದೂ ಇರುತ್ತೆ. ರಾಜ್ಯದ ಗ್ರಾಮೀಣಾಭಿವೃದ್ಧಿ ಇಲಾಖೆಯದು ಪಂಚಮಿತ್ರ ಅಂತ ಇದೆ. ಅದರಲ್ಲಿ ಸದಸ್ಯರು, ಸಿಬ್ಬಂದಿ, ಸಭೆಗಳ ವಿವರ ಕನ್ನಡದಲ್ಲೇ ಸಿಗುತ್ತೆ. ಮೊದಲ ಸಲ ತೆರೆದಾಗ ತಲೆ ಕೆಡುತ್ತೆ, ನಿಜ. ಒಂದು ಭಾನುವಾರ ಒಂದು ಗಂಟೆ ಕೂತರೆ ಹಿಡಿತಕ್ಕೆ ಬರುತ್ತೆ.

ಆದರೆ ಪಾವತಿಯಾದ ಮೇಲೆ ಪರದೆಯಲ್ಲಿ ನೋಡಿದರೆ ಕೆಲಸ ಬದಲಾಗುವುದಿಲ್ಲ ಅಲ್ವಾ? ಅದಕ್ಕೇ ಯಾವ ತಿಂಗಳು ಏನು ನಡೆಯುತ್ತೆ ಅಂತ ತಿಳಿದಿರಬೇಕು. ಮುಂದಿನ ವರ್ಷದ ಯೋಜನೆ ಮಾಡುವ ಕೆಲಸ ಗಾಂಧಿ ಜಯಂತಿ ಹೊತ್ತಿಗೆ ಶುರುವಾಗುತ್ತೆ. 2018ರಿಂದ ದೇಶದ ಎಲ್ಲ ಕಡೆ ಅಕ್ಟೋಬರ್ 2ರಿಂದ ಜನ ಯೋಜನೆ ಅಭಿಯಾನ ಅಂತ ನಡೆಸುತ್ತಾರೆ. ಆಗ ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ. ಕಾಯ್ದೆ ಪ್ರಕಾರ ಎರಡನ್ನೂ ಆರು ತಿಂಗಳಿಗೆ ಒಮ್ಮೆಯಾದರೂ ಕರೆಯಲೇಬೇಕು. ವಾರ್ಡ್ ಸಭೆ ಚಿಕ್ಕದು. ದೇವಸ್ಥಾನದ ಕಟ್ಟೆ ಮೇಲೋ ಶಾಲೆಯ ಜಗಲಿಯಲ್ಲೋ ನಡೆಯುತ್ತೆ, ಹಾಗಾಗಿ ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನಿಮ್ಮ ಚರಂಡಿ ಪಟ್ಟಿಗೆ ಸೇರಬೇಕಾಗಿರುವುದು ಅಲ್ಲೇ. ಅಲ್ಲಿ ಬರೆಸದೆ ಜೂನ್‌ನಲ್ಲಿ ಕಚೇರಿಗೆ ಹೋಗಿ ಗಲಾಟೆ ಮಾಡಿದರೆ ‘ಕ್ರಿಯಾ ಯೋಜನೆಯಲ್ಲಿ ಇಲ್ಲ’ ಅನ್ನುತ್ತಾರೆ. ಅವರು ಹೇಳುವುದು ಸುಳ್ಳೂ ಅಲ್ಲ. ಫೆಬ್ರವರಿ, ಮಾರ್ಚ್ ಬಂದರೆ ಪಂಚಾಯಿತಿಯ ಆಯವ್ಯಯ ಸಿದ್ಧವಾಗುತ್ತೆ. ಅಷ್ಟರೊಳಗೆ ಪಟ್ಟಿ ಮುಗಿದಿರುತ್ತೆ.

ಇನ್ನೊಂದು ಸಭೆಯ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದರೆ ಅದು ನನಗೆ ತುಂಬ ಇಷ್ಟ. ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಹಿಂದಿನ ವರ್ಷದ ಲೆಕ್ಕವನ್ನು ಊರವರ ಮುಂದೆ ಓದುವ ಸಭೆ ಇದು. ತಾಲ್ಲೂಕಿನ ಕಡೆಯಿಂದ ಒಬ್ಬ ನೋಡಲ್ ಅಧಿಕಾರಿ ಬರುತ್ತಾರೆ. ಕಡತ, ರಸೀದಿ, ಅಳತೆ ಪುಸ್ತಕ ಎಲ್ಲ ಮೇಜಿನ ಮೇಲಿರಬೇಕು. ಕಾಮಗಾರಿ ನಡೆದ ಜಾಗಕ್ಕೂ ಹೋಗಿ ನೋಡಬಹುದು. ನಮ್ಮಲ್ಲಿ ಎರಡನೇ ವರ್ಷದ ಜಮಾಬಂದಿಗೆ ಒಬ್ಬ ಹಿರಿಯರು ಮನೆಯಿಂದ ಟೇಪು ತಂದಿದ್ದರು. ಮೊದಲು ಗಾರೆ ಕೆಲಸ ಮಾಡುತ್ತಿದ್ದವರು. ಪುಸ್ತಕದಲ್ಲಿ ನೀರಿನ ಪೈಪು 240 ಮೀಟರ್ ಅಂತ ಇತ್ತು. ಅವರು ಬೀದಿಯಲ್ಲಿ ಎಲ್ಲರ ಮುಂದೆ ಅಳೆದರು. ಅರವತ್ತು ಮೀಟರ್ ಕಡಿಮೆ ಬಂತು. ಯಾರೂ ಕೂಗಾಡಲಿಲ್ಲ. ಅಧಿಕಾರಿ ಬರೆದುಕೊಂಡರು, ಗುತ್ತಿಗೆದಾರ ಉಳಿದ ಪೈಪು ಹಾಕಿಕೊಟ್ಟ. ಕೊನೇ ಮನೆಗಳಿಗೆ ನೀರು ಬಂದಾಗ ಆ ಬೀದಿಯ ಹೆಂಗಸರು ಆ ಹಿರಿಯರ ಮನೆಗೆ ಹೋಗಿ ಹೋಳಿಗೆ ಕೊಟ್ಟು ಬಂದರು. ನಿಮ್ಮ ಅಪ್ಪನಿಗೆ ವರ್ಷಕ್ಕೆ ಒಂದೇ ಸಭೆಗೆ ಹೋಗಲು ಆಗುತ್ತೆ ಅಂದರೆ ಇದಕ್ಕೆ ಕಳಿಸಿ.

ಕಂದಾಯದ ರಸೀದಿಯನ್ನೂ ಒಮ್ಮೆ ಸರಿಯಾಗಿ ನೋಡಿ. ಮನೆ ತೆರಿಗೆಯ ಕೆಳಗೆ ಕರಗಳ ಸಾಲು ಇರುತ್ತೆ. ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ ಗ್ರಂಥಾಲಯ ಕರ, ಮೂರು ರೂಪಾಯಿ ಭಿಕ್ಷುಕರ ಕರ. ಅಂದರೆ ಊರಿನ ಗ್ರಂಥಾಲಯಕ್ಕೆ ನೀವು ದುಡ್ಡು ಕೊಡುತ್ತಲೇ ಇದ್ದೀರಿ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರಲ್ಲಿ ‘ಓದುವ ಬೆಳಕು’ ಅಂತ ಶುರುವಾಗಿ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ನಮ್ಮೂರಿನಲ್ಲಿ ಸಂಜೆ ಹೊತ್ತು ಮಕ್ಕಳು ಅಲ್ಲಿ ನೆಲದ ಮೇಲೆ ಕೂತು ಓದುವುದನ್ನು ನೋಡಿದರೆ ಐದು ವರ್ಷ ಮಾಡಿದ ಓಡಾಟ ಸಾರ್ಥಕ ಅನ್ನಿಸುತ್ತೆ. ಇನ್ನೊಂದು ವಿಷಯ: ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಎತ್ತಿಡಬೇಕು. ಕೇಳುವವರು ಇಲ್ಲದಿದ್ದರೆ ಈ ಹಣ ವರ್ಷದ ಕೊನೆಯಲ್ಲಿ ಹಾಗೇ ಉಳಿಯುತ್ತೆ. ನಿಮ್ಮ ಬೀದಿಯಲ್ಲಿ ಗಾಲಿ ಕುರ್ಚಿ ಬೇಕಾದವರು, ಕಿವಿಯ ಯಂತ್ರ ಬೇಕಾದವರು ಇದ್ದರೆ ಅವರ ಮನೆಯವರಿಗೆ ದಯವಿಟ್ಟು ಹೇಳಿ.

ಕಾನೂನಿನ ವಿಷಯಕ್ಕೆ ಬರುತ್ತೇನೆ. ಪಂಚಾಯಿತಿಗೆ ಮೂಲ ಕಾಯ್ದೆ 1993ರದು. ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟ 73ನೇ ತಿದ್ದುಪಡಿ ಬಂದ ಮೇಲೆ ಮಾಡಿದ್ದು. ಆಮೇಲೆ ದೊಡ್ಡ ತಿದ್ದುಪಡಿಯಾಗಿ ‘ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ’ ಅಂತ ಹೆಸರಾಯಿತು. ಮಸೂದೆ ಎರಡೂ ಸದನಗಳಲ್ಲಿ ಪಾಸಾದ ದಿನ ಪತ್ರಿಕೆಯಲ್ಲಿ ಬರುತ್ತೆ. ಜನ ಮಾರನೇ ದಿನವೇ ಪಂಚಾಯಿತಿಗೆ ಓಡುತ್ತಾರೆ. ಅಲ್ಲಿ ಏನೂ ಬದಲಾಗಿರುವುದಿಲ್ಲ. ರಾಜ್ಯಪಾಲರ ಒಪ್ಪಿಗೆ ಸಿಗಬೇಕು, ರಾಜ್ಯಪತ್ರದಲ್ಲಿ (ಗೆಜೆಟ್) ಪ್ರಕಟವಾಗಬೇಕು, ನಿಯಮ ಮಾಡಬೇಕು, ಸುತ್ತೋಲೆ ಬರಬೇಕು, ಕೊನೆಗೆ ಸಾಫ್ಟ್‌ವೇರ್ ಸಿದ್ಧವಾಗಬೇಕು. 2025ರಲ್ಲಿ ಹೀಗೇ ಆಯಿತು. ಅನುಮೋದನೆ ಇಲ್ಲದ ಬಡಾವಣೆಗಳ ನಿವೇಶನ, ಮನೆಗಳನ್ನೂ ತೆರಿಗೆಗೆ ಸೇರಿಸಿ 11ಬಿ ಖಾತೆ (ಇಂಥ ಆಸ್ತಿಗಳಿಗೆ ಪಂಚಾಯಿತಿ ಕೊಡುವ ದಾಖಲೆ) ಕೊಡಲು ಕಾಯ್ದೆಗೆ ತಿದ್ದುಪಡಿ ಬಂತು. ನನ್ನ ಮನೆಗೇ ಎಷ್ಟೋ ಜನ ಕಾಗದ ಹಿಡಿದು ಬಂದರು. ‘ಸ್ವಲ್ಪ ತಡೀರಿ, ಇನ್ನೂ ನಿಯಮ ಬರಬೇಕು’ ಅಂದರೆ ಕೆಲವರಿಗೆ ಸಿಟ್ಟು. ಆ ಗೊಂದಲದ ಹೊತ್ತಿನಲ್ಲೇ ಮಧ್ಯವರ್ತಿಗಳು ಸಾವಿರ, ಎರಡು ಸಾವಿರ ಕೀಳುವುದು. ನಿಮ್ಮ ಅಪ್ಪನ ಹತ್ತಿರ ಯಾರಾದರೂ ‘ಹೊಸ ಕಾನೂನು ಬಂದಿದೆ, ನಾನು ಮಾಡಿಸಿ ಕೊಡ್ತೀನಿ’ ಅಂದರೆ, ಸುತ್ತೋಲೆಯ ಸಂಖ್ಯೆ ಮತ್ತು ದಿನಾಂಕ ಕೇಳಲು ಹೇಳಿ.

ನಿಯಮದ ಹಂತ ನಮಗೆ ಉಪಯೋಗಕ್ಕೆ ಬರುವ ಹಂತ. ಕರಡು ನಿಯಮವನ್ನು ರಾಜ್ಯಪತ್ರದಲ್ಲಿ ಹಾಕಿ ಆಕ್ಷೇಪಣೆ, ಸಲಹೆ ಕೇಳುತ್ತಾರೆ. ಸಾಮಾನ್ಯವಾಗಿ 30 ದಿನ ಸಮಯ ಇರುತ್ತೆ. ಯಾರು ಬೇಕಾದರೂ ಒಂದು ಪತ್ರ ಬರೆಯಬಹುದು. ಬೆಂಗಳೂರಿನಲ್ಲಿ ಇರುವ ನಿಮ್ಮಂಥವರು ಊರಿಗಾಗಿ ಮಾಡಬಹುದಾದ ಕೆಲಸ ಇದು. ಊರಲ್ಲಿ ಇರುವವರಿಗೆ ಆ ಕರಡು ಬಂದಿದೆ ಅಂತಲೇ ಗೊತ್ತಾಗುವುದಿಲ್ಲ. ಕಾಯ್ದೆಗಳ ಕನ್ನಡ ಪಠ್ಯ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನಾ ಇಲಾಖೆಯ ಜಾಲತಾಣದಲ್ಲಿ ಸಿಗುತ್ತೆ. ಭಾಷೆ ಗಟ್ಟಿ ಇರುತ್ತೆ, ಓದಿ ಊರವರಿಗೆ ನಾಲ್ಕು ಸಾಲಿನಲ್ಲಿ ವಾಟ್ಸಾಪ್ ಮಾಡಿ.

ಸೇವೆಗಳಿಗೆ ಪಂಚಾಯಿತಿ ಕಚೇರಿಯಲ್ಲೇ ಬಾಪೂಜಿ ಸೇವಾ ಕೇಂದ್ರ ಇದೆ. ಅರ್ಜಿ ಕೊಟ್ಟಾಗ ಸಕಾಲ (ಗಡುವಿನೊಳಗೆ ಸೇವೆ ಕೊಡಬೇಕು ಅನ್ನುವ ರಾಜ್ಯದ ಕಾಯ್ದೆ) ಸ್ವೀಕೃತಿ ಕೊಡುತ್ತಾರೆ, ಅದರಲ್ಲಿ 15 ಅಂಕಿಯ ಸಂಖ್ಯೆ ಇರುತ್ತೆ. ಅದನ್ನು ಬಿಡದೆ ಇಸ್ಕೊಳ್ಳಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ದುಡ್ಡು ಚಿಕ್ಕದು, ಆದರೆ ಆ ಸಂಖ್ಯೆ ಇದ್ದರೆ ಅರ್ಜಿ ಕಳೆದುಹೋಯಿತು ಅನ್ನುವ ಮಾತು ಬರುವುದಿಲ್ಲ.

ಏನು ಕೇಳಿದರೂ ಉತ್ತರ ಬರಲಿಲ್ಲ ಅಂದರೆ ಮಾಹಿತಿ ಹಕ್ಕು ಇದೆ. 10 ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಆದರೆ ಅದನ್ನು ಮೊದಲ ಹೆಜ್ಜೆ ಮಾಡಬೇಡಿ ಅಂತ ನನ್ನ ಕೋರಿಕೆ. ಒಬ್ಬ ಪಿಡಿಒ ಮೇಲೆ ಎಷ್ಟು ಕೆಲಸ ಇರುತ್ತೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ಕೆಲವರು ಎರಡು ಪಂಚಾಯಿತಿ ಪ್ರಭಾರ ಹೊತ್ತಿರುತ್ತಾರೆ. ಮೊದಲು ವಾರ್ಡಿನ ಸದಸ್ಯರನ್ನು ಕೇಳಿ, ಆಮೇಲೆ ಕಚೇರಿಗೆ ಒಂದು ಪತ್ರ ಬರೆದು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮಾಹಿತಿ ಹಕ್ಕಿನ ಅರ್ಜಿ ಆಮೇಲೆ.

ಈ ವಾರ ಅಪ್ಪನಿಗೆ ಫೋನ್ ಮಾಡಿದಾಗ ಎರಡು ವಿಷಯ ಕೇಳಿಕೊಳ್ಳಿ: ಕೊನೆಯ ವಾರ್ಡ್ ಸಭೆ ಯಾವಾಗ ನಡೆಯಿತು, ಚರಂಡಿ ವಿಷಯ ಅದರ ನಡಾವಳಿಯಲ್ಲಿ ಬರೆದಿದೆಯಾ. ನೀವು ಇ-ಗ್ರಾಮ್ ಸ್ವರಾಜ್‌ನಲ್ಲಿ ಊರಿನ ಪುಟ ತೆರೆದು ಏನಾದರೂ ಅರ್ಥವಾಗದಿದ್ದರೆ ಇಲ್ಲೇ ಬರೆಯಿರಿ, ರಾತ್ರಿ ಅಡುಗೆ ಕೆಲಸ ಮುಗಿದ ಮೇಲೆ ನೋಡಿ ಹೇಳುತ್ತೇನೆ.