ಚೀನಾದ ಖಾಸಗಿ ರಾಕೆಟ್‌ಗಳಲ್ಲಿ ಎಲ್ಲಕ್ಕಿಂತ ಮೊದಲು, ಅದೂ ತನ್ನ ಮೊದಲ ಹಾರಾಟದಲ್ಲೇ, ಕಕ್ಷೆ ತಲುಪಿದ್ದು ಯಾವುದು?

ಐಸ್ಪೇಸ್ ಕಂಪನಿಯ ಹೈಪರ್ಬೋಲಾ-1. 2019ರ ಜುಲೈ 25ರಂದು ಗೋಬಿ ಮರುಭೂಮಿಯ ಜಿಯುಚುವಾನ್ ಕೇಂದ್ರದಿಂದ ಹಾರಿ, ಪುಟ್ಟ ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿತು. ಅಲ್ಲಿನ ಖಾಸಗಿ ಕಂಪನಿಯೊಂದಕ್ಕೆ ಇದು ಸಾಧ್ಯವಾಗಿದ್ದು ಅದೇ ಮೊದಲು. ಅದಕ್ಕೂ ಮುಂಚೆ ಲ್ಯಾಂಡ್‌ಸ್ಪೇಸ್‌ನ ಝೂಚುವೆ-1, ಒನ್‌ಸ್ಪೇಸ್‌ನ ಓಎಸ್-ಎಂ ಎರಡೂ ಸೋತಿದ್ದವು.

ಆ ಮೊದಲ ಹಾರಾಟದಲ್ಲಿ ಹೈಪರ್ಬೋಲಾದ ಕೆಳಗಿನ ಮೂರು ಹಂತಗಳಲ್ಲಿ ಘನ ಇಂಧನವಿತ್ತು. ಅದಕ್ಕೆ ಒಮ್ಮೆ ಬೆಂಕಿ ಹತ್ತಿದರೆ ಬೇಕೆಂದಾಗ ಆರಿಸಿ ಮತ್ತೆ ಹಚ್ಚಲು ಆಗುವುದಿಲ್ಲ, ಅಲ್ವಾ? ಅದಕ್ಕೇ ನಾಲ್ಕನೇ ಹಂತದಲ್ಲಿ ದ್ರವ ಇಂಧನ ಬಳಸಿ ವೇಗವನ್ನು ಕರಾರುವಾಕ್ಕಾಗಿ ಹೊಂದಿಸಿದರು.

ಆದರೆ ಮೊದಲ ಗೆಲುವನ್ನಷ್ಟೇ ನೋಡಿ ರಾಕೆಟ್ ಪಳಗಿದೆ ಎನ್ನಬೇಡಿ. ಮುಂದಿನ ಮೂರು ಹಾರಾಟಗಳೂ ವಿಫಲವಾದವು. 2021ರ ಫೆಬ್ರವರಿಯಲ್ಲಂತೂ ಕಳಚಿದ ಫೋಮ್ ತುಂಡೊಂದು ದಿಕ್ಕು ತಿದ್ದುವ ರೆಕ್ಕೆಗೆ ಸಿಕ್ಕಿಕೊಂಡು, ಆಮೇಲೆ ಬಿಟ್ಟುಕೊಂಡಿತು. ಅಷ್ಟಕ್ಕೇ ರಾಕೆಟ್ ಹಿಡಿತ ತಪ್ಪಿತು.