ಫೀಲ್ಡ್‌ವರ್ಕ್‌ಗೆ ಕಾಡಿಗೆ ಹೋದಾಗ ಕಿರುಕುಳದಿಂದ ಸುರಕ್ಷಿತವಾಗಿರುವುದು ಹೇಗೆ?

ಮೊದಲ ಸಲ ಪಶ್ಚಿಮ ಘಟ್ಟಕ್ಕೆ ಹೊರಟಿರುವ ನೀವು ಅಪರಿಚಿತ ಊರವರ ಬಗ್ಗೆ ಹೆದರಿ ಕೇಳಿದ್ದೀರಿ. ಆದರೆ ಅಪಾಯ ಎಷ್ಟೋ ಸಲ ನಮ್ಮ ಜೊತೆಗೇ ಜೀಪು ಹತ್ತಿರುತ್ತದೆ. 2014ರಲ್ಲಿ ಪ್ರಕಟವಾದ, ಫೀಲ್ಡ್‌ವರ್ಕ್ ಮಾಡಿದ 666 ಮಂದಿ ಉತ್ತರಿಸಿದ ಸಮೀಕ್ಷೆಯೊಂದರಲ್ಲಿ ಮಹಿಳೆಯರಿಗೆ ಕಿರುಕುಳ ಕೊಟ್ಟವರು ಹೆಚ್ಚಾಗಿ ಅವರದೇ ತಂಡದ ಹಿರಿಯರು.

ಹಾಗಾಗಿ ಹೊರಡುವ ಮುನ್ನ ಆ ತಂಡದಲ್ಲಿ ಹಿಂದೆ ಕೆಲಸ ಮಾಡಿದ ಹೆಣ್ಣುಮಕ್ಕಳ ಹತ್ತಿರ ಮಾತಾಡಿ. ಮಲಗುವ ಕೋಣೆಗೆ ಒಳಚಿಲಕ ಇದೆಯೇ, ಶೌಚಾಲಯ ಎಷ್ಟು ದೂರ, ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಎಂದು ಕೇಳಲು ಸಂಕೋಚ ಬೇಡ. ತಂಡದ ಹೊರಗಿನ ಒಬ್ಬರಿಗೆ ದಿನಾ ಸಂಜೆ ಫೋನ್ ಮಾಡುವ ಹೊತ್ತು ಗೊತ್ತುಮಾಡಿ. ಕರೆ ಬಾರದಿದ್ದರೆ ಅವರೇನು ಮಾಡಬೇಕೆಂಬುದೂ ಮೊದಲೇ ತೀರ್ಮಾನವಾಗಿರಲಿ. ಒಬ್ಬರೇ ವಾಪಸ್ ಬರುವಷ್ಟು ಹಣ ನಿಮ್ಮ ಕೈಯಲ್ಲೇ ಇರಲಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನಿಮ್ಮ ಸಂಶೋಧನೆಯ ಗೈಡ್ ತಂದ ಜೀಪೊಂದೇ ದಾರಿಯಾದಾಗ ‘ಬೇಡ’ ಎನ್ನಲು ಬಾಯೇ ಬರುವುದಿಲ್ಲ.

‘ಕಾಡು ಆಫೀಸಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಕೆಲಸದ ನಿಮಿತ್ತ ಹೋದ ಜಾಗ, ಸಂಸ್ಥೆ ಕೊಟ್ಟ ವಾಹನ ಎರಡೂ ಕೆಲಸದ ಸ್ಥಳವೇ. ನಡೆದದ್ದನ್ನು ದಿನಾಂಕ, ಹೊತ್ತಿನ ಸಮೇತ ಅಂದೇ ಬರೆದಿಟ್ಟುಕೊಂಡು, 3 ತಿಂಗಳೊಳಗೆ ನಿಮ್ಮ ಸಂಸ್ಥೆಯಲ್ಲಿ ಇಂಥ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಿ. ತುರ್ತಿದ್ದರೆ 112ಕ್ಕೆ ಕರೆ ಮಾಡಿ.