ಅಣ್ಣನಿಗೆ ಓಟು ಇದೆ, ತಂಗಿಗೆ ಇಲ್ಲ: ಬೈಲಕುಪ್ಪೆಯ ಒಂದೇ ಮನೆಯಲ್ಲಿ ಇದು ಹೇಗೆ?

ನಿಮ್ಮ ಪ್ರಶ್ನೆ ಇದು: ಬೈಲಕುಪ್ಪೆಯ ಟಿಬೆಟನ್ ಗೆಳೆಯರೊಬ್ಬರು 1985ರಲ್ಲಿ ಅಲ್ಲೇ ಹುಟ್ಟಿದವರು, ಅವರಿಗೆ ವೋಟರ್ ಐಡಿ ಇದೆ. ತಂಗಿ 1990ರಲ್ಲಿ ಅದೇ ಊರಲ್ಲಿ ಹುಟ್ಟಿದ್ದರೂ ಅರ್ಜಿ ತಿರಸ್ಕಾರವಾಗಿದೆ. ಆಕೆಗೆ ಆಧಾರ್ ಇದೆ, ಕನ್ನಡ ಬರುತ್ತದೆ. ಇನ್ನೇನು ಬೇಕು?

ಆಧಾರ್ ಇಲ್ಲಿ ಲೆಕ್ಕಕ್ಕಿಲ್ಲ. ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿದ್ದ ವಿದೇಶಿಯರಿಗೂ ಅದು ಸಿಗುತ್ತದೆ. ನಾನಾಗಿದ್ದರೆ ಮೊದಲು ಕೇಳುತ್ತಿದ್ದದ್ದು ಬೇರೆ: ಅವರ ತಾಯಿ ಹುಟ್ಟಿದ್ದು ಎಲ್ಲಿ, ಯಾವ ವರ್ಷ?

ಯಾಕೆಂದು ಹೇಳುತ್ತೇನೆ. ಹುಟ್ಟಿನಿಂದ ಬರುವ ಪೌರತ್ವಕ್ಕೆ 1955ರ ಪೌರತ್ವ ಕಾಯ್ದೆಯ 3ನೇ ಸೆಕ್ಷನ್ ಆಧಾರ. ಅದರ ಪ್ರಕಾರ 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದ ನೆಲದಲ್ಲಿ ಹುಟ್ಟಿದವರು ಭಾರತೀಯರು. ರಾಜತಾಂತ್ರಿಕರ ಮಕ್ಕಳಂಥ ಒಂದೆರಡು ವಿನಾಯಿತಿ ಬಿಟ್ಟರೆ ಅಪ್ಪ ಅಮ್ಮ ಯಾರು ಎಂದು ಕಾಯ್ದೆ ಕೇಳುವುದೇ ಇಲ್ಲ. 1987ರ ಜುಲೈ 1ರಿಂದ ಹುಟ್ಟಿದವರಿಗೆ, ಹುಟ್ಟಿದ ಹೊತ್ತಿನಲ್ಲಿ ತಂದೆ ತಾಯಿಯಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದ ಇನ್ನೂ ಬಿಗಿ: ಇಬ್ಬರೂ ಭಾರತೀಯರಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. 1987ರ ಗೆರೆ ಎಳೆದ ತಿದ್ದುಪಡಿ ಬಂದದ್ದು 1985ರ ಅಸ್ಸಾಂ ಒಪ್ಪಂದದ ಮರುವರ್ಷ, ಬಾಂಗ್ಲಾದೇಶ, ಶ್ರೀಲಂಕಾ ಕಡೆಯ ವಲಸೆಯ ಗಲಾಟೆಯ ನಡುವೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಜೋಳದ ಹೊಲದಲ್ಲಿದ್ದ ಟಿಬೆಟನ್ನರಿಗೂ ಅದು ತಗುಲಿತು.

ಹಾಗಾಗಿ ನಿಮ್ಮ ಗೆಳೆಯರು ಹುಟ್ಟಿದ ದಿನದಿಂದಲೇ ಭಾರತೀಯರು. ಅವರಿಗೆ ಯಾರೂ ಪೌರತ್ವ ‘ಕೊಟ್ಟಿಲ್ಲ’. ವಿದೇಶಿಯರ ನೋಂದಣಿ ಪತ್ರ, ಅಂದರೆ ಅವರೆಲ್ಲ ಆರ್‌ಸಿ ಎನ್ನುವ ಪುಸ್ತಕ, ಕೈಯಲ್ಲಿದ್ದ ಮಾತ್ರಕ್ಕೆ ಅದು ಹೋಗುವುದೂ ಇಲ್ಲ. ಇದನ್ನು ಕಚೇರಿಗಳು ಒಪ್ಪಲು ಬಹಳ ಕಾಲ ಹಿಡಿಯಿತು. 2010ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನೇ ಹೇಳಿದವು. 2014ರ ಫೆಬ್ರುವರಿಯಲ್ಲಿ ಚುನಾವಣಾ ಆಯೋಗವು ಈ ಅವಧಿಯಲ್ಲಿ ಇಲ್ಲಿ ಹುಟ್ಟಿದ ಟಿಬೆಟನ್ನರ ಹೆಸರನ್ನು ಪಟ್ಟಿಗೆ ಸೇರಿಸಿ ಎಂದು ಸೂಚಿಸಿತು.

ಈಗ ತಂಗಿ. ತಂದೆ ತಾಯಿ ಇಬ್ಬರೂ ಟಿಬೆಟ್‌ನಲ್ಲಿ ಹುಟ್ಟಿ ಗಡಿ ದಾಟಿ ಬಂದವರಾದರೆ ತಿರಸ್ಕಾರ ಸರಿ. ಆದರೆ ಬೈಲಕುಪ್ಪೆಯ ನೆಲೆ ಶುರುವಾದದ್ದು 1960ರ ದಶಕದ ಆರಂಭದಲ್ಲಿ. ತಾಯಿ 1964ರಲ್ಲೋ 65ರಲ್ಲೋ ಇಲ್ಲೇ ಹುಟ್ಟಿದ್ದರೆ ಆಕೆ ಹುಟ್ಟಿನಿಂದ ಭಾರತೀಯಳು, ಪೌರತ್ವವನ್ನು ಬಿಟ್ಟುಕೊಟ್ಟಿಲ್ಲವಾದರೆ 1990ರಲ್ಲೂ ಭಾರತೀಯಳೇ. ಆಗ ಮಗಳು ಎರಡನೇ ನಿಯಮದಡಿ ಭಾರತೀಯಳು. ತಾಯಿ ಒಮ್ಮೆಯೂ ಓಟು ಹಾಕಿಲ್ಲ, ಜೀವನಪೂರ್ತಿ ಆರ್‌ಸಿ ನವೀಕರಿಸಿಕೊಂಡೇ ಬಂದಿದ್ದಾರೆ ಎಂದರೂ ಉತ್ತರ ಬದಲಾಗದು. ಆಯೋಗದ 2014ರ ಸೂಚನೆ ಮೊದಲ ಅವಧಿಯವರ ಬಗ್ಗೆ ಮಾತ್ರ ಇರುವುದರಿಂದ, 1987ರ ನಂತರ ಹುಟ್ಟಿದವರು ಎಂದ ಕೂಡಲೇ ‘ಆಗಲ್ಲ’ ಎನ್ನುವುದು ಸುಲಭ. ಆ ಸೂಚನೆಯನ್ನಲ್ಲ, 3ನೇ ಸೆಕ್ಷನ್ನನ್ನೇ ಮುಂದಿಟ್ಟು ಅರ್ಜಿ ಹಾಕಬೇಕು.

ಎಡವುವುದು ಕಾನೂನಿನಲ್ಲಲ್ಲ, ಕಾಗದದಲ್ಲಿ. ಆ ಕಾಲದ ಹೆರಿಗೆಗಳು ಮನೆಯಲ್ಲೇ ಆದರೆ ಜನನ ಪ್ರಮಾಣಪತ್ರ ಇರುವುದಿಲ್ಲ. ಟಿಬೆಟನ್ ಹೆಸರಿಗೆ ಮನೆತನದ ಹೆಸರಿಲ್ಲ. ತೆಂಜಿನ್ ಒಂದು ಕಡೆ ತೆನ್‌ಜಿನ್, ಇನ್ನೊಂದು ಕಡೆ ತಂಜಿನ್. ಶಾಲೆಯ ದಾಖಲೆಯಲ್ಲಿ ಒಂದು ಹುಟ್ಟಿದ ದಿನ, ಆರ್‌ಸಿಯಲ್ಲಿ ಇನ್ನೊಂದು. ಎಲ್ಲಕ್ಕಿಂತ ಕೆಟ್ಟದ್ದು, ಆರ್‌ಸಿಯ ಜನ್ಮಸ್ಥಳದ ಕಲಂನಲ್ಲಿ ‘ಟಿಬೆಟ್’ ಎಂದು ಬಿದ್ದಿರುವುದು. ಇದನ್ನು ಬಿಟ್ಟು ಮುಂದೆ ಹೋದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಮೊದಲು ತಾಯಿಯ ಜನನ ನೋಂದಣಿ. ಒಂದು ವರ್ಷ ಮೀರಿದ ಜನನವನ್ನು ನೋಂದಾಯಿಸಲು 2023ರ ತಿದ್ದುಪಡಿಯ ನಂತರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಬೇಕು. ಮೊದಲಿನಂತೆ ಕೋರ್ಟಿಗೆ ಹೋಗಬೇಕಿಲ್ಲ. ಶಾಲೆಯ ದಾಖಲಾತಿ ಪುಸ್ತಕದ ನಕಲು, ಆಸ್ಪತ್ರೆಯ ಹಳೆಯ ಚೀಟಿ, ಏನಿದ್ದರೂ ತೆಗೆದಿಡಿ. ಆಮೇಲೆ ಮಗಳ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಅಕ್ಷರಕ್ಕಕ್ಷರ ಹೊಂದುತ್ತದೆಯೇ ನೋಡಿ.

ಇಷ್ಟಾದ ಮೇಲೆ ಓಟಿನ ಪ್ರಶ್ನೆ, ಅದು ಸಲೀಸು. ಸಂವಿಧಾನದ 326ನೇ ವಿಧಿ ಕೇಳುವುದು ಪೌರತ್ವ ಮತ್ತು 18 ವರ್ಷ. 1989ಕ್ಕೆ ಮೊದಲು 21 ಇತ್ತು. ಜೊತೆಗೆ ಆ ಕ್ಷೇತ್ರದಲ್ಲೇ ಸಾಮಾನ್ಯವಾಗಿ ವಾಸವಿರಬೇಕು. ನಮೂನೆ 6 ತುಂಬಿ, ಪಿರಿಯಾಪಟ್ಟಣ ಕ್ಷೇತ್ರದ ಮತದಾರರ ನೋಂದಣಾಧಿಕಾರಿಗೆ ಕೊಡಿ. ಅದರ ಘೋಷಣೆಯಲ್ಲಿ ‘ನಾನು ಭಾರತದ ಪ್ರಜೆ’ ಎಂದೂ ಹುಟ್ಟಿದ ಊರು, ಜಿಲ್ಲೆ, ರಾಜ್ಯ ಯಾವುದೆಂದೂ ಬರೆಯಬೇಕು. ಗೊತ್ತಿದ್ದೂ ಸುಳ್ಳು ಬರೆದರೆ ಒಂದು ವರ್ಷದವರೆಗೆ ಜೈಲು, ಹಾಗಾಗಿ ತಾಯಿಯ ವಿಷಯ ಖಚಿತವಾಗುವ ತನಕ ಸಹಿ ಹಾಕಿಸಬೇಡಿ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಆದೇಶದ ದಿನದಿಂದ 15 ದಿನದೊಳಗೆ ಜಿಲ್ಲಾ ದಂಡಾಧಿಕಾರಿಗೆ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ. ಈ ಗಡುವು ಮುಗಿದಿದ್ದರೆ ಹೊಸ ದಾಖಲೆಯೊಂದಿಗೆ ಮತ್ತೆ ನಮೂನೆ 6 ಹಾಕಬಹುದು.

ಹೆಸರು ಪಟ್ಟಿಯಲ್ಲಿದ್ದರೆ ಪೌರತ್ವ ಬಂದಂತೆ ಎಂದುಕೊಂಡು ಅಡ್ಡದಾರಿ ಹಿಡಿಯುವವರಿದ್ದಾರೆ. ಭಾರತೀಯರಲ್ಲದವರ ಹೆಸರು ತಪ್ಪಿ ಸೇರಿದ್ದರೂ ಅವರು ಓಟು ಹಾಕುವಂತಿಲ್ಲ ಎಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62ನೇ ಸೆಕ್ಷನ್ ಹೇಳುತ್ತದೆ.

ತಾಯಿಯೂ ಟಿಬೆಟ್‌ನಲ್ಲೇ ಹುಟ್ಟಿದ್ದರೆ? ತಂಗಿ ಭಾರತೀಯರನ್ನು ಮದುವೆಯಾಗಿದ್ದರೆ ಏಳು ವರ್ಷದ ವಾಸದ ಮೇಲೆ 5ನೇ ಸೆಕ್ಷನ್ನಿನಡಿ ನೋಂದಣಿಗೆ ಅರ್ಜಿ ಹಾಕಬಹುದು; ಮದುವೆಯಾದ ಮಾತ್ರಕ್ಕೆ ಏನೂ ಬರುವುದಿಲ್ಲ. ಇಲ್ಲದಿದ್ದರೆ ದೇಶೀಕರಣ, ಅಂದರೆ ದೀರ್ಘ ವಾಸದ ಮೇಲೆ ಪೌರತ್ವ ಕೇಳುವುದು: ಅರ್ಜಿಗೆ ಮುಂಚಿನ ಪೂರ್ತಿ ಒಂದು ವರ್ಷ, ಅದಕ್ಕೂ ಹಿಂದಿನ 14 ವರ್ಷದಲ್ಲಿ ಒಟ್ಟು 11 ವರ್ಷ ಇಲ್ಲಿರಬೇಕು, ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆ ಸಾಕಷ್ಟು ಬರಬೇಕು. ಟಿಬೆಟನ್ ಆ ಪಟ್ಟಿಯಲ್ಲಿಲ್ಲ, ಕನ್ನಡ ಇದೆ. ಆಕೆಯ ಕನ್ನಡ ಕಾನೂನಿನಲ್ಲಿ ಉಪಯೋಗಕ್ಕೆ ಬರುವುದು ಇಲ್ಲಿ ಮಾತ್ರ. ಎರಡೂ ದಾರಿಯಲ್ಲಿ ತೀರ್ಮಾನ ಸರ್ಕಾರದ ವಿವೇಚನೆ, ಹಕ್ಕೆಂದು ಕೇಳಲಾಗದು.

ಇನ್ನೊಂದು ಗೊಂದಲ. ಬೈಲಕುಪ್ಪೆಯಲ್ಲಿ ಟಿಬೆಟನ್ನರು ಓಟಿಗೆ ಸಾಲು ನಿಂತದ್ದನ್ನು ನೀವು ನೋಡಿರಬಹುದು. ಅದು ಧರ್ಮಶಾಲೆಯಲ್ಲಿರುವ ದೇಶಭ್ರಷ್ಟ ಟಿಬೆಟನ್ ಆಡಳಿತದ ಚುನಾವಣೆ. ಅದಕ್ಕೆ ಬೇಕಾದದ್ದು ಆ ಆಡಳಿತವೇ ಕೊಡುವ ‘ಗ್ರೀನ್ ಬುಕ್’ ಎಂಬ ಗುರುತಿನ ಪುಸ್ತಕ, ನಮ್ಮ ಮತದಾರರ ಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಭಾರತೀಯ ಪಾಸ್‌ಪೋರ್ಟ್ ಬೇಕೆನ್ನುವವರಿಗೆ ಮಾತ್ರ 2017ರಲ್ಲಿ ಕಠಿಣ ಷರತ್ತುಗಳು ಬಂದವು; ಆರ್‌ಸಿ ಒಪ್ಪಿಸುವುದು, ಟಿಬೆಟನ್ ನೆಲೆಯಿಂದ ಹೊರಗೆ ಇರುವುದು ಇತ್ಯಾದಿ. ಅರ್ಹರಾದ ಎಷ್ಟೋ ಮಂದಿ ಅರ್ಜಿ ಹಾಕದೇ ಇರುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ತಂಗಿಗೆ ನಿಜಕ್ಕೂ ಏನು ಬೇಕು ಎಂದು ಕೇಳಿಕೊಂಡೇ ಮುಂದುವರಿಯಿರಿ.

ಗೆಳೆಯರಿಗೆ 2004ರ ಡಿಸೆಂಬರ್ ನಂತರ ಹುಟ್ಟಿದ ಮಕ್ಕಳಿದ್ದರೆ ಅವರ ಹೆಂಡತಿಯ ಕಾಗದಗಳನ್ನೂ ಈಗಲೇ ನೋಡಿ. ಆಕೆ ಪ್ರಯಾಣಪತ್ರವಿಲ್ಲದೆ ನೇಪಾಳದ ದಾರಿಯಲ್ಲಿ ಬಂದವರಾದರೆ ‘ಅಕ್ರಮ ವಲಸಿಗ’ ಎಂಬ ಪದ ಅಡ್ಡ ಬರುತ್ತದೆ, ಮಗುವಿಗೆ 18 ತುಂಬುವ ಮುಂಚೆಯೇ ವಕೀಲರನ್ನು ಕಾಣಬೇಕಾಗುತ್ತದೆ.